ನಮ್ಮ ಮನೆಯಲ್ಲಿ ಎಷ್ಟು ಒಲೆ

ಮನೆ ನಂಬರ್ ಹದಿನಾಲ್ಕು, ಹಿಂದಿನ ಸಾಲು
ಭಾನುವಾರ, ಮಾರ್ಚ್ 9

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ಬಾಟಲಿಯನ್ನು ಕಪಾಟಿನಲ್ಲಿಟ್ಟು ಕಾಯುತ್ತಿದ್ದೀರಾ? ನಾದಿನಿಯ ಕೂಸಿಗೆ ಆಗಲೇ ಮೂರು ತಿಂಗಳು ತುಂಬಿತಲ್ಲ, ಮುಖ ನೋಡಿ ನಗುತ್ತದೆಯೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟಿಯ ಮುಂದಿನ ಹಲ್ಲು ಎರಡು ಬಿದ್ದಿವೆ. ‘ಅಜ್ಜಿ ಬಂದಾಗ ತೋರಿಸ್ಬೇಕು’ ಎಂದು ನನ್ನ ಗುಂಡಿ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ. ಮೊನ್ನೆ ಯಾರದೋ ಅಂಗಿಗೆ ಬಿಳಿ ಗುಂಡಿ ಹುಡುಕುತ್ತ ಹಲ್ಲಿಗೇ ಸೂಜಿ ಚುಚ್ಚಲು ಹೋಗಿದ್ದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಸರಿ, ಸರಿ’ ಎಂದು ಇಟ್ಟುಬಿಡುತ್ತೀರಿ, ನನಗೂ ನಾಲಿಗೆ ಏಳುವುದಿಲ್ಲ.

ನಗರಸಭೆಯವರು ನಮ್ಮ ಸಾಲು ಮನೆಗಳನ್ನು ಕೆಡವಿ ಹೊಸದು ಕಟ್ಟಿಕೊಡಲು ವಸತಿ ನಿಧಿಯಲ್ಲಿ ಹಣ ಇಟ್ಟಿದ್ದು ನಿಮಗೆ ಗೊತ್ತೇ ಇದೆ. ನೀವು ಬಾಣಂತನಕ್ಕೆಂದು ನಾದಿನಿಯ ಮನೆಗೆ ಹೋದ ಮೇಲೆ ಇಲ್ಲಿನ ಮನೆಗಳನ್ನು ನೋಡಲು ಒಬ್ಬ ಸಾಹೇಬರು ಬಂದರು. ಅವರು ಬರುವ ಸುದ್ದಿ ಹಿಂದಿನ ದಿನವೇ ಹಬ್ಬಿತ್ತು. ನಮ್ಮವರ ಬುದ್ಧಿ ನಿಮಗೆ ಗೊತ್ತಲ್ಲ, ಹೊರಗಿನವರು ಬರುತ್ತಾರೆಂದರೆ ಹರಿದ ಚಾಪೆಯೂ ಅವರ ಕಣ್ಣಿಗೆ ಬೀಳಬಾರದು. ಇಸ್ತ್ರಿಯವರ ಹೆಂಡತಿ ಮೊದಲು ಒಲೆಯನ್ನು ಮಂಚದ ಕೆಳಗೆ ತಳ್ಳಿ ಚಾದರ ಇಳಿಬಿಟ್ಟಳು. ಅವಳನ್ನು ನೋಡಿ ಪಕ್ಕದವಳು, ಪಕ್ಕದವಳನ್ನು ನೋಡಿ ನಾನು. ನಮ್ಮ ಒಲೆ ಹೊಲಿಗೆ ಮಿಷಿನ್ನಿನ ಹಿಂದೆ ಹೋಯಿತು, ಹಿತ್ತಲ ಕಡೆಯ ನಿಮ್ಮ ಒಲೆಗೆ ಗೋಣಿಚೀಲ ಹೊದಿಸಿದೆ. ಪಾತ್ರೆ, ಒಣಗಲು ಹಾಕಿದ ಬಟ್ಟೆ ಎಲ್ಲ ಮಾಯ. ಸಾಹೇಬರು ‘ಎಷ್ಟು ಚೊಕ್ಕವಾಗಿದೆ’ ಎಂದು ಬರೆದುಕೊಂಡು ಹೋದರು. ನಾವು ಎರಡು ದಿನ ಬೀಗುತ್ತ ಓಡಾಡಿದೆವು.

ಅವರು ಎಣಿಸಲು ಬಂದದ್ದೇ ಒಲೆಗಳನ್ನು ಎಂದು ಯಾರಿಗೆ ಗೊತ್ತಿತ್ತು, ಅತ್ತೆ? ಒಂದು ಒಲೆಗೆ ಒಂದು ಸಂಸಾರ, ಒಂದು ಸಂಸಾರಕ್ಕೆ ಒಂದು ಮನೆ. ಮೂವತ್ತೊಂದು ಮನೆಗಳಲ್ಲಿ ಅವರಿಗೆ ಸಿಕ್ಕಿದ್ದು ನಾಲ್ಕು ಒಲೆ. ಸಾಲು ಬಹುತೇಕ ಖಾಲಿ ಇದೆ ಎಂದು ವರದಿ ಹೋಯಿತು. ವಸತಿ ನಿಧಿಯನ್ನು ಮುಂದಿನ ರಸ್ತೆಯ ವಾಣಿಜ್ಯ ಸಂಕೀರ್ಣಕ್ಕೆ ತಿರುಗಿಸಿ, ಅಲ್ಲಿಗೆ ಬರುವವರ ಗಾಡಿ ನಿಲ್ಲಿಸಲು ನಮ್ಮ ಜಾಗ ಕೊಡುವುದೆಂದು ಠರಾವೂ ತಯಾರಾಯಿತು.

ಠರಾವು ಮಂಡಿಸುವ ದಿನ ಸಾಲಿಗೆ ಸಾಲೇ ನಗರಸಭೆಗೆ ಹೋಗಿ ಕುಳಿತೆವು. ಬೀಗ ರಿಪೇರಿಯ ತಾತ ಎದ್ದು, ‘ಆ ಖಾಲಿ ಮನೇಲಿ ನಲವತ್ತು ವರ್ಷದಿಂದ ಗೊರಕೆ ಹೊಡೀತಿದೀನಿ ಸ್ವಾಮಿ, ಅನುಮಾನ ಇದ್ರೆ ಅಕ್ಕಪಕ್ಕದೋರನ್ನ ಕೇಳಿ’ ಎಂದರು. ಹಾಗಾದರೆ ಒಲೆ ಯಾಕೆ ಬಚ್ಚಿಟ್ಟಿರಿ ಎಂದು ಅಧ್ಯಕ್ಷೆ ಕೇಳಿದರು. ಇಸ್ತ್ರಿಯವರ ಹೆಂಡತಿಯೇ ಎದ್ದು ನಿಂತಳು. ‘ನಿಮ್ಮನೆಗೆ ದೊಡ್ಡೋರು ಬಂದ್ರೆ ಮಸಿ ಹಿಡಿದ ಪಾತ್ರೆ ಮುಂದಿಡ್ತೀರಾ ಅಮ್ಮ, ಒಳಗಿಡ್ತೀರಾ?’ ಎಂದಳು. ಅಧ್ಯಕ್ಷೆ ಠರಾವನ್ನು ತಡೆಹಿಡಿದರು. ಮತ್ತೆ ಎಣಿಸಿ, ಜನ ಇದ್ದರೆ ನಿಧಿ ಮನೆಗಳಿಗೇ ಎಂದು ತೀರ್ಮಾನವಾಯಿತು.

ಮಂಗಳವಾರ ಮಧ್ಯಾಹ್ನ ಅದೇ ಸಾಹೇಬರು ಬಂದಾಗ ಎಲ್ಲರ ಬಾಗಿಲಲ್ಲೂ ಒಲೆ ಹೊತ್ತಿತ್ತು. ಈರುಳ್ಳಿ ಘಾಟಿಗೆ ಕಣ್ಣೊರೆಸಿಕೊಳ್ಳುತ್ತ, ಮನೆಮನೆಯಲ್ಲೂ ಚಹಾ ಕುಡಿಯಲಾರದೆ ಕೈ ಮುಗಿಯುತ್ತ ಎಣಿಸಿದರು. ಹಿತ್ತಲಲ್ಲಿ ನಿಮ್ಮ ಒಲೆ ನೋಡಿ ‘ಇದು ಬೇರೆ ಸಂಸಾರಾನಾ?’ ಎಂದು ಕೇಳಿದರು. ಅದರ ಯಜಮಾನಿ ಊರಲ್ಲಿಲ್ಲ, ಅವರನ್ನೇ ಕೇಳಬೇಕು ಎಂದೆ. ಒಲೆಗಳ ಸಂಖ್ಯೆಯ ಜಾಗ ಖಾಲಿ ಬಿಟ್ಟು ಹೊಸ ಮನೆಯ ಅರ್ಜಿಯನ್ನು ನನ್ನ ಕೈಗೆ ಕೊಟ್ಟು ಹೋದರು.

ಅಂದಿನಿಂದ ನಿಮ್ಮ ಮಗನ ಕಾಲು ನೆಲದ ಮೇಲಿಲ್ಲ. ‘ಎರಡು ಒಲೆ ಅಂದ್ರೆ ಎರಡು ಮನೆ, ಅಮ್ಮಂಗೊಂದು, ನಮಗೊಂದು’ ಎಂದು ಪುಟ್ಟಿಗೂ ಬಾಯಿಪಾಠ ಮಾಡಿಸಿದ್ದಾರೆ. ನಾನು ಕಚೇರಿಗೆ ಹೋಗಿ ನಕ್ಷೆ ನೋಡಿ ಬಂದೆ. ನಮ್ಮದು ಮೊದಲನೇ ಮಹಡಿ, ಎರಡು ಕೋಣೆ, ನಿಮ್ಮ ಮಂಡಿ ತಾಳಿಕೊಳ್ಳುವಷ್ಟು ಮೆಟ್ಟಿಲು. ಒಬ್ಬರೇ ಇರುವವರಿಗೆ ಕೊಡುವುದು ಹಿಂದಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಒಂದು ಕೋಣೆ. ಲಿಫ್ಟು ಸದ್ಯಕ್ಕೆ ನಕ್ಷೆಯಲ್ಲಿ ಮಾತ್ರ ಇದೆ.

ಹೋದ ವರ್ಷ ಆ ಬೆಳಿಗ್ಗೆ ‘ನನ್ನ ಅಡುಗೆ ಹಿಡಿಸ್ದಿದ್ರೆ ನೀವೇ ಬೇರೆ ಮಾಡ್ಕೊಳ್ಳಿ’ ಎಂದವಳು ನಾನು. ಕೈತುಂಬ ಹೊಲಿಗೆ ಇತ್ತು, ನಿದ್ದೆ ಇರಲಿಲ್ಲ, ಬಾಯಿಗೆ ಬಂದದ್ದು ಆಡಿಬಿಟ್ಟೆ. ಸಂಜೆಯೊಳಗೆ ನೀವು ಹಿತ್ತಲಲ್ಲಿ ಒಲೆ ಹೂಡಿದ್ದಿರಿ, ಒಂದು ಮಾತೂ ತಿರುಗಿ ಆಡಲಿಲ್ಲ. ಬೈದಿದ್ದರೆ ಅಂದೇ ಅತ್ತು ಮುಗಿಸುತ್ತಿದ್ದೆ. ಗೋಡೆಯ ಆಚೆ ನೀವು ಒಬ್ಬರೇ ಕುಳಿತು ಉಣ್ಣುವ ಸದ್ದು ಕೇಳಿಸಿಕೊಂಡು ಈಚೆ ಊಟ ಮಾಡಿದ್ದೇನೆ. ನನ್ನದು ತಪ್ಪಾಯಿತು, ಅತ್ತೆ. ಇಷ್ಟು ಬರೆಯಲು ನಾಲ್ಕು ಹಾಳೆ ಹರಿದಿದ್ದೇನೆ.

ನಾದಿನಿಗೆ ಹೆಚ್ಚು ಹೊತ್ತು ನಿಲ್ಲಬೇಡ ಎಂದು ಹೇಳಿ. ಕೂಸಿಗೆ ಎರಡು ಅಂಗಿ ಹೊಲಿದಿದ್ದೇನೆ, ತೋಳು ಸ್ವಲ್ಪ ಉದ್ದವಾಗಿದೆ, ಬೆಳೆಯುತ್ತದೆ ಬಿಡಿ. ಪುಟ್ಟಿಯನ್ನು ಹರಸಿ, ಮನಸ್ಸಾದರೆ ನನ್ನನ್ನೂ.

ನಿಮ್ಮ ಸೊಸೆ

ಮರೆತ ಮಾತು: ಆ ಅರ್ಜಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಮನೆ ನಿಮ್ಮ ಹೆಸರಿನಲ್ಲಿದೆ, ಸಹಿ ನಿಮ್ಮದೇ ಆಗಬೇಕು, ಇಪ್ಪತ್ತನೇ ತಾರೀಕಿನೊಳಗೆ ಕಚೇರಿ ಸೇರಬೇಕು. ಒಲೆಗಳ ಸಂಖ್ಯೆ ಎಂಬಲ್ಲಿ ನಾನು ಪೆನ್ಸಿಲಿನಲ್ಲಿ ‘ಒಂದು’ ಎಂದು ಬರೆದಿದ್ದೇನೆ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ನಿಮಗೆ ನಿಮ್ಮದೇ ಮನೆ ಬೇಕೆನಿಸಿದರೆ ಅಳಿಸಿ ‘ಎರಡು’ ಎಂದು ಬರೆದು ಅಂಚೆಗೆ ಹಾಕಿ, ನಾನು ಮುಖ ಊದಿಸಿಕೊಳ್ಳುವುದಿಲ್ಲ. ಒಂದೇ ಸಾಕು ಎನಿಸಿದರೆ ಅದರ ಮೇಲೆ ಪೆನ್ನಿನಲ್ಲಿ ಬರೆಯಿರಿ. ಆಗ ಅಂಚೆಗೆ ಹಾಕಬೇಡಿ, ನೀವೇ ತನ್ನಿ.