ಹುರುಳಿ ಹಾಸಿದ ರಸ್ತೆಯಲ್ಲಿ

ನಮ್ಮ ಮುನಿರಾಜುವಿನ ಅಪ್ಪನಿಗೆ,

ಇದ್ದಾಗಲೇ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ, ಈಗೇನು ಹೊಸದಾಗಿ ಕರೆಯಲಿ? ಕಾಗದವನ್ನೂ ಬರೆದವಳಲ್ಲ. ಬೆಳಿಗ್ಗೆ ಹೋದವರು ಮಧ್ಯಾಹ್ನದ ಮೇಲೆ ಮನೆಗೆ ಬರುತ್ತಿದ್ದಿರಿ, ಕಾಗದ ಯಾಕೆ ಬೇಕಿತ್ತು? ನನ್ನ ಹೆಂಡತಿ ಲೋಯರ್ ಸೆಕೆಂಡರಿ ಪಾಸಾದವಳು ಅಂತ ಫ್ಯಾಕ್ಟರಿಯವರ ಮುಂದೆಲ್ಲ ಜಂಭ ಕೊಚ್ಚಿಕೊಳ್ಳುತ್ತಿದ್ದಿರಲ್ಲ, ಆ ಓದು ಈಗ ಉಪಯೋಗಕ್ಕೆ ಬಂತು ನೋಡಿ. ಆದರೆ ಪ್ರೀತಿಯ ಕಾಗದ ಅಂದುಕೊಂಡು ಹಿಗ್ಗಬೇಡಿ. ಹೆದರಿಕೊಂಡು ಬರೆಯುತ್ತಿದ್ದೇನೆ. ನಿಮ್ಮ ಮಗ ನಿಮ್ಮ ಮೋಟಾರ್ ಸೈಕಲನ್ನು ಕೊಟ್ಟಿಗೆಯಿಂದ ಹೊರಗೆ ತೆಗೆದಿದ್ದಾನೆ.

ನೀವು ಅದನ್ನು ಮೊದಲ ಸಲ ತಂದ ದಿನ ನೆನಪಿದೆಯಾ? ಜಾಲಹಳ್ಳಿಯಲ್ಲಿ ಮಿಲಿಟರಿಯವರು ಹರಾಜು ಹಾಕಿದ್ದ ಗಾಡಿ. ಪಕ್ಕದ ಸಿಂಗಾಪುರ ಹಳ್ಳಿಯ ಮಣ್ಣುದಾರಿ ಮುಗಿದು ಡಾಂಬರು ರಸ್ತೆ ಸಿಕ್ಕಿದ್ದೇ ತಡ, ಆ ಸದ್ದಿಗೆ ನಮ್ಮ ಪುಟ್ಟೇನಹಳ್ಳಿಯ ಕೋಳಿಗಳೆಲ್ಲ ಬೇಲಿ ಹಾರಿದವು. ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ಮನೆಯವರೆಲ್ಲ ಕೆಮ್ಮಿ ಕೆಮ್ಮಿ ಸಾಕಾಯಿತು. ಅವತ್ತಿನಿಂದ ನಿಮಗೊಂದು ಹುಚ್ಚು ಹಿಡಿಯಿತು. ಕೆರೆ ಏರಿ ದಾಟಿ ಬರುವಾಗ ನಾನು ಬಾಗಿಲಲ್ಲಿ ನಿಂತಿರುವುದು ಕಂಡರೆ ಸಾಕು, ಹ್ಯಾಂಡಲಿನಿಂದ ಎರಡೂ ಕೈ ಬಿಟ್ಟು ಹೊಲದ ಬೆದರುಬೊಂಬೆಯ ಹಾಗೆ ಚಾಚಿಕೊಂಡು ಬರುತ್ತಿದ್ದಿರಿ. "ಸಾಕು ನಿಲ್ಸಿ ಈ ಕೋತಿ ಆಟ" ಅಂತ ನಾನು ಕೂಗುತ್ತಿದ್ದೆ. ಬಾಯಲ್ಲಿ ಬೈಗುಳ, ಮುಖದ ತುಂಬ ನಗು. ನಿಮಗೆ ಕಾಣಿಸುತ್ತಿದ್ದದ್ದು ನಗು ಮಾತ್ರ.

ಮಾವನವರು ಎತ್ತಿನ ಗಾಡಿ ಕಟ್ಟುತ್ತಿದ್ದದ್ದೂ ನೆನಪಾಗುತ್ತದೆ. ಹೊಲಕ್ಕೇ ಹೋಗಲಿ, ಯಶವಂತಪುರದ ಮಂಡಿಗೇ ಹೋಗಲಿ, ಗಾಲಿ ಕಳಚದ ಹಾಗೆ ಅಚ್ಚಿನ ತುದಿಗೆ ಸಿಕ್ಕಿಸುವ ಕಡಾಣಿಯನ್ನು ಕೈಯಲ್ಲಿ ಅಲ್ಲಾಡಿಸಿ ನೋಡದೆ ಅವರು ಗಾಡಿ ಹತ್ತಿದವರಲ್ಲ. ಗಾಡಿ ಕಟ್ಟಿದ್ದು ಮಗನೇ ಆದರೂ ಅಷ್ಟೇ, ಇನ್ನೊಮ್ಮೆ ತಾವೇ ಬಗ್ಗಿ ನೋಡಬೇಕು. ನಿಮ್ಮ ಮೋಟಾರ್ ಸೈಕಲಿನ ಹಿಂದಿನ ಬ್ರೇಕು ಸವೆದು, ನಿಲ್ಲಿಸಬೇಕಾದರೆ ನೆಲಕ್ಕೆ ಕಾಲು ಕೊಡುತ್ತಿದ್ದಿರಲ್ಲ, ಆಗ ನಾನು ಮಾವನವರ ಮಾತು ತೆಗೆದೆ. ನೀವೇನಂದಿರಿ? "ಅದು ಎತ್ತಿನ ಗಾಡಿ ಕಣೆ, ಇದು ಮಿಲಿಟರಿ ಮಾಲು. ಇದಕ್ಕೇನೂ ಆಗಲ್ಲ." ಹೌದು, ಅದಕ್ಕೇನೂ ಆಗಲಿಲ್ಲ.

ಆ ಮಧ್ಯಾಹ್ನ ನಿಮ್ಮಣ್ಣ ರಸ್ತೆಗೆ ಹುರುಳಿ ಹಾಸಿದ್ದರು. ಹೊಸದಾಗಿ ಮಾಡಿದ್ದೇನಲ್ಲ, ಸುಗ್ಗಿಯಲ್ಲಿ ಊರಿಗೆ ಊರೇ ಹಾಸುತ್ತದೆ. ಒಣಗಿದ ಗಿಡದ ಮೇಲೆ ಬಸ್ಸು ಲಾರಿ ಹರಿದರೆ ಕಾಳು ತಾನಾಗಿ ಉದುರುತ್ತದೆ, ಕಣದಲ್ಲಿ ಎತ್ತು ಕಟ್ಟಿ ಕಲ್ಲಿನ ಗುಂಡು ಎಳೆಸುವ ಕಷ್ಟ ತಪ್ಪುತ್ತದೆ. ಭಾವನವರು ಎರಡು ಕೊನೆಗೂ ಕಲ್ಲಿಟ್ಟು, ದೂರಕ್ಕೆ ಕಾಣಲಿ ಅಂತ ಹೊಂಗೆ ಕೊಂಬೆ ನಿಲ್ಲಿಸಿ, ಪಕ್ಕದಲ್ಲೇ ಗಿಡ ತಿರುವಿ ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುಂಚೆ ಪೋಸ್ಟಿನವನು ಸೈಕಲಿನಿಂದ ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗಿದ್ದ. ಆಮೇಲೆ ನೀವು ಬಂದಿರಿ. ನಾನು ಬಾಗಿಲಲ್ಲಿದ್ದೆ. ನೀವು ಹುರುಳಿ ನೋಡಲಿಲ್ಲ, ಕಲ್ಲು ನೋಡಲಿಲ್ಲ, ಕೊಂಬೆ ನೋಡಲಿಲ್ಲ. ನನ್ನನ್ನು ನೋಡಿದಿರಿ. ಎರಡೂ ಕೈ ಮೇಲೆದ್ದವು, ಮುಂದಿನ ಚಕ್ರ ಕಾಳಿನ ಮೇಲೆ ಸರ್ರನೆ ಜಾರಿತು, ಮೈಲಿಗಲ್ಲಿಗೆ ನಿಮ್ಮ ತಲೆ... ನಾನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿಮ್ಮ ಕ್ರಾಪಿನ ತುಂಬ ಹುರುಳಿ ಕಾಳು. ಜನ ಬಂದು ನನ್ನನ್ನು ಎಬ್ಬಿಸುವವರೆಗೂ ನಾನು ಅದನ್ನೇ ಆರಿಸುತ್ತಿದ್ದೆನಂತೆ.

ಅವತ್ತು ಅತ್ತೆ ಭಾವನವರಿಗೆ ಹಾಕಿದ ಶಾಪ ನಿಮಗೆ ಕೇಳಿಸಿತೋ ಇಲ್ಲವೋ. "ರಸ್ತೆಗ್ ಉಳ್ಳಿ ಆಕಿ ತಮ್ಮನ್ನೇ ತಿಂದ್ಕೊಂಡ್ಯಲ್ಲೋ" ಅಂತ ಎದೆ ಎದೆ ಬಡಿದುಕೊಂಡರು. ಊರೂ ಅದನ್ನೇ ಅಂದಿತು. ಭಾವನವರು ತಲೆ ತಗ್ಗಿಸಿ ನಿಂತಿದ್ದರು. ತಿಥಿ ಮುಗಿದ ದಿನ ಕೊಟ್ಟಿಗೆಯ ಹತ್ತಿರ ಬಂದು, ನನ್ನ ಮುಖ ನೋಡದೆ ಹೇಳಿದರು: "ಕೈ ಬಿಟ್ಟಿದ್ನ ನಾನೂ ನೋಡ್ದೆ ಕಣಮ್ಮ. ಯಾರ್ಗೂ ಏಳ್ಬ್ಯಾಡ. ಮಗ ಅವ್ರಪ್ಪನ್ನ ಬೈಕೊಂಡು ಬೆಳೀಬಾರ್ದು. ಓಗ್ಲಿ, ನನ್ ಮ್ಯಾಲೇ ಇರ್ಲಿ." ನಾನು ಹೂಂ ಅಂದೆ. ಅವರು ಊರಿನ ಆ ಕೊನೆಗೆ ಬೇರೆ ಮನೆ ಮಾಡಿಕೊಂಡರು. ಸುಗ್ಗಿ ಸುಗ್ಗಿಗೂ ನಮ್ಮ ಪಾಲಿನ ರಾಗಿ ತಪ್ಪದೆ ಬಂತು, ಅವರು ಮಾತ್ರ ನಮ್ಮ ಹೊಸಿಲು ದಾಟಲಿಲ್ಲ. ಅತ್ತೆ ಕೊನೆಯವರೆಗೂ ಆ ಮಗನ ಮನೆಯ ನೀರು ಮುಟ್ಟಲಿಲ್ಲ. ಅವರೂ ಈಗ ನಿಮ್ಮ ಹತ್ತಿರಕ್ಕೇ ಬಂದಿದ್ದಾರಲ್ಲ, ನಿಜ ಏನು ಅಂತ ನೀವೇ ಹೇಳಿ. ಹೇಳುವ ಧೈರ್ಯ ಇದ್ದರೆ.

ರಾಜುವಿಗೆ ನಿಮ್ಮ ಫ್ಯಾಕ್ಟರಿಯಲ್ಲೇ ಅಪ್ರೆಂಟಿಸ್ ಕೆಲಸ ಸಿಕ್ಕಿದ ದಿನ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅವನು ನೆಟ್ಟಗೆ ಕೊಟ್ಟಿಗೆಗೆ ಹೋಗಿ ಗೋಣಿಚೀಲ ಎಳೆದ. ಅಷ್ಟು ವರ್ಷ ಕೋಳಿಗಳು ಮೊಟ್ಟೆ ಇಡುತ್ತಿದ್ದ ಆ ಗಾಡಿಯನ್ನು ಯಶವಂತಪುರದ ಮೆಕ್ಯಾನಿಕ್ ಹತ್ತಿರ ಸಾಗಿಸಿದ. ವಾಪಸ್ಸು ಬಂದಾಗ ಮೈಯೆಲ್ಲ ಕಪ್ಪು ಬಣ್ಣ, ಹಂಡೆಯಷ್ಟು ದೊಡ್ಡ ಲೈಟು, ಕಿವಿ ಕಿತ್ತುಹೋಗುವ ಹಾರ್ನು. "ಬ್ರೇಕು?" ಅಂದೆ. "ಮುಂದಿನ್ ತಿಂಗ್ಳು ಮಾಡಿಸ್ತೀನಮ್ಮ. ಅಲ್ಲೀವರ್ಗೂ ಗೇರಲ್ಲೇ ನಿಲ್ಲಿಸ್ತೀನಿ, ಏನಾಗಲ್ಲ" ಅಂದ. ಏನಾಗಲ್ಲ! ನಿಮ್ಮದೇ ಮಾತು, ನಿಮ್ಮದೇ ಗಂಟಲು.

ಅವತ್ತಿನಿಂದ ನನ್ನ ಬೆಳಗುಗಳು ಹೇಗೆ ಕಳೆದಿವೆ ಅಂತ ಕೇಳಿ. ಅವರೆಕಾಯಿ ಕಾಲ, ಮುಂದಿರುವ ಬೇವಿನ ಮರ ಕಾಣದಷ್ಟು ಮಂಜು. ಅವನಿಗೆ ಮೊದಲ ಶಿಫ್ಟು. ಸದ್ದು ಕೆರೆ ಏರಿ ದಾಟಿ ಕರಗುವವರೆಗೂ ಬಾಗಿಲಲ್ಲೇ ನಿಲ್ಲುತ್ತೇನೆ. ಆಮೇಲೆ ಮುದ್ದೆ ತೊಳಸುತ್ತಿದ್ದರೂ ಕಿವಿ ರಸ್ತೆಯಲ್ಲೇ. ಯಾರಾದರೂ ಜೋರಾಗಿ ಕೂಗಿದರೆ ತೊಳಸುವ ಕೋಲು ಬಿಟ್ಟು ಬಾಗಿಲಿಗೆ ಓಡುತ್ತೇನೆ. ಅಂಗಳಕ್ಕೆ ಯಾರಾದರೂ ಅವಸರದಲ್ಲಿ ಬಂದರೆ, ಸುಣ್ಣ ಕೇಳಲು ಬಂದವರಾದರೂ, ಅವರ ಮುಖವನ್ನೇ ಕಣ್ಣು ಬಿಟ್ಟುಕೊಂಡು ನೋಡುತ್ತೇನೆ. ಇದೇ ಬಾಗಿಲಲ್ಲಿ ಒಂದು ಸಲ ನೋಡಿದ್ದನ್ನು ಇನ್ನೊಂದು ಸಲ ನೋಡುವ ಶಕ್ತಿ ನನಗಿಲ್ಲ ರೀ. ನೀವಾದರೂ ಹೇಳಿ, ಯಾವ ತಾಯಿಗಿದೆ?

ಹೋದ ವಾರ ಅವನು ಶಿಫ್ಟು ಮುಗಿಸಿ ಬರುವ ಹೊತ್ತಿಗೆ ನಾನು ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದೆ. ಏರಿ ದಾಟಿ ಬಂದ. ನನ್ನನ್ನು ನೋಡಿದ. ಹಲ್ಲು ಬಿಟ್ಟು ನಕ್ಕು, ಎರಡೂ ಕೈ ಬಿಟ್ಟು, ಚಾಚಿದ. ಮೊರ ಎಲ್ಲಿ ಬಿತ್ತೋ ತಿಳಿಯದು. ಗಾಡಿ ನಿಲ್ಲಿಸಿ ಹತ್ತಿರ ಬಂದವನು, "ಯಾಕಮ್ಮ ಹಿಂಗ್ ಬೆವರ್ತಿದೀಯ? ಅಪ್ಪ ನನ್ನ ಟ್ಯಾಂಕ್ ಮೇಲೆ ಕೂರಿಸ್ಕೊಂಡು ಹಿಂಗೇ ಕೈ ಬಿಡ್ತಿದ್ರಲ್ಲ, ಮರ್ತೋಯ್ತಾ?" ಅಂದ.

ಮರೆಯುವುದಕ್ಕೆ ನನಗದು ಮೊದಲು ಗೊತ್ತಿದ್ದರಲ್ಲವೇ! ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಕೈ ಬಿಡುತ್ತಿದ್ದಿರಾ? ಕೆರೆ ಏರಿಯ ಮೇಲೆ? ನಿಮಗೆ ಬುದ್ಧಿ ಅನ್ನುವುದು ಬೇಡವಾ? ಇಷ್ಟು ವರ್ಷದ ಮೇಲೆ, ನೀವು ಎದುರಿಗಿಲ್ಲದಿದ್ದರೂ, ನಿಮ್ಮ ಜುಟ್ಟು ಹಿಡಿದು ಜಗಳವಾಡಬೇಕು ಅನ್ನಿಸಿತು. ನಿಮ್ಮ ಮಗನಿಗೆ ನಿಮ್ಮ ನೆನಪು ಅಂತ ಉಳಿದಿರುವುದೇ ಅದೊಂದು. ಅದನ್ನೇ ಎದೆಗಪ್ಪಿಕೊಂಡು ರಸ್ತೆಗೆ ಇಳಿದಿದ್ದಾನೆ.

ಆ ಸಂಜೆ ಅವನನ್ನು ಜಗಲಿಯ ಮೇಲೆ ಕೂರಿಸಿಕೊಂಡೆ. ಅವನಿಗೆ ನನ್ನ ಭಯ ಕಂಡು ನಗು. "ಅಮ್ಮ, ನಾನ್ ಸರಿಯಾಗೇ ಓಡಿಸ್ತೀನಿ. ತಪ್ಪೆಲ್ಲ ರಸ್ತೆಗೆ ಒಕ್ಕಣೆ ಹಾಕೋರ್ದು, ದನ ಬಿಡೋರ್ದು, ಬಸ್ ಡ್ರೈವರ್‌ಗಳ್ದು. ದೊಡ್ಡಪ್ಪ ಹುರುಳಿ ಹಾಕ್ದೆ ಇದ್ದಿದ್ರೆ ಅಪ್ಪ ಇವತ್ತೂ ಇರ್ತಿದ್ರು" ಅಂದ.

ಭಾವನವರಿಗೆ ಕೊಟ್ಟ ಮಾತು ಒಂದು ಕಡೆ, ಎದುರಿಗೆ ಕೂತ ಮಗ ಒಂದು ಕಡೆ. ಹೇಳಿಬಿಟ್ಟೆ. "ಹುರುಳಿ ಮೇಲೆ ಅವತ್ತು ಬಸ್ಸೂ ಹೋಯ್ತು ಕಣೋ, ಪೋಸ್ಟಿನವನು ಇಳಿದು ತಳ್ಕೊಂಡು ಹೋದ. ಯಾರಿಗೂ ಏನೂ ಆಗ್ಲಿಲ್ಲ. ನಿಮ್ಮಪ್ಪ ಕೈ ಬಿಟ್ಟಿದ್ರು. ಎರಡೂ ಕೈ. ನನ್ನ ನಗಿಸೋಕೆ. ನಿಮ್ ದೊಡ್ಡಪ್ಪನದೇನೂ ತಪ್ಪಿಲ್ಲ. ನೀನು ಅಪ್ಪನ್ನ ಬೈಕೋಬಾರ್ದು ಅಂತ ಅವ್ರೇ ಎಲ್ಲಾನೂ ತಲೆ ಮೇಲೆ ಹೊತ್ಕೊಂಡ್ರು."

"ಸುಳ್ಳು" ಅಂದ.

"ದನಕ್ಕೆ ನೀನು ಬರೋದು ಗೊತ್ತಾಗುತ್ತೇನೋ? ಹುರುಳಿಗೆ ಗೊತ್ತಾಗುತ್ತಾ? ಅಡ್ಡ ಬರೋರು ಬರ್ತಾನೇ ಇರ್ತಾರೆ. ಕೈ ನಿಂದು, ಕಣ್ಣು ನಿಂದು, ಒಡೆಯೋ ತಲೇನೂ ನಿಂದೇ. ಅದನ್ನ ಕಾಯೋಕೆ ಇನ್ಯಾರು ಬರ್ತಾರೆ?" ಅಂದೆ. ನನ್ನ ದನಿ ನನಗೇ ಗುರುತು ಸಿಗದ ಹಾಗೆ ಏರಿತ್ತು. ಅವನು ಎದ್ದವನೇ ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದ.

ಅವನು ಹೋದ ಮೇಲೆ ನನಗೆ ಇನ್ನೊಂದು ದಿಗಿಲು ಹತ್ತಿತು. ಗಂಡನನ್ನೂ ಕಳೆದುಕೊಂಡೆ, ಈಗ ಮಗನ ಮನಸ್ಸಿನಲ್ಲಿದ್ದ ಅಪ್ಪನನ್ನೂ ಕಳೆದೆನಾ? ಇನ್ನು ಅವನು ನನ್ನ ಮುಖ ನೋಡುತ್ತಾನಾ? ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಹೆಜ್ಜೆ ಸದ್ದು. ರಾಜು ಮುಂದೆ, ಹಿಂದೆ ಭಾವನವರು. ಹೊಸಿಲ ಆಚೆಯೇ ನಿಂತು, "ಏಳ್ಬ್ಯಾಡ ಅಂದಿದ್ನಲ್ಲಮ್ಮ" ಅಂತ ನನ್ನನ್ನು ಗದರಿಸಿದರು. ಗದರಿಸುತ್ತಲೇ ಹೆಗಲ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ರಾಜು ಅವರ ಕೈ ಹಿಡಿದು, "ಒಳಗ್ ಬನ್ನಿ ದೊಡ್ಡಪ್ಪ" ಅಂದ. ಬಂದರು ರೀ. ನಿಮ್ಮಣ್ಣ ಒಳಗೆ ಬಂದು, ನಿಮ್ಮ ಜಾಗದಲ್ಲೇ ಕೂತು ನನ್ನ ಕೈಯ ಮುದ್ದೆ, ಅವರೆಕಾಳಿನ ಸಾರು ಉಂಡರು. ಉಂಡು ಎದ್ದವರು ಮೋಟಾರ್ ಸೈಕಲಿನ ಬ್ರೇಕು ಒತ್ತಿ ನೋಡಿ, "ತಾತ ಕಡಾಣಿ ನೋಡ್ದಂಗೆ ದಿನಾ ನೋಡ್ಬೇಕು ಕಣ್ಲಾ. ಗಾಡಿ ಅತ್ತೋನೇ ನೋಡ್ಬೇಕು. ಇಂಗ್ ಬುಟ್ರೆ ಆಗಕಿಲ್ಲ" ಅಂದರು. ಬ್ರೇಕು ಸರಿಯಾಗುವವರೆಗೂ ರಾಜು ಸೈಕಲ್ ತುಳಿದುಕೊಂಡೇ ಜಾಲಹಳ್ಳಿಯ ಫ್ಯಾಕ್ಟರಿಗೆ ಹೋದ.

ಈ ದಿನ ಬೆಳಿಗ್ಗೆ ಗಾಡಿ ಮತ್ತೆ ಹೊರಗೆ ಬಂತು. ಬ್ರೇಕು ಹೊಸದು. ಹೊರಡುವ ಮುಂಚೆ ಬಗ್ಗಿ ಚಕ್ರ ಅಲ್ಲಾಡಿಸಿ ನೋಡಿದ, ಚೈನು ಮುಟ್ಟಿ ನೋಡಿದ. ಆಮೇಲೆ ನನ್ನ ಹತ್ತಿರ ಬಂದು, "ಅಮ್ಮ, ಬಾಗ್ಲಲ್ಲಿ ನಿಂತ್ಕೋಬೇಡ. ನೀನ್ ಕಂಡ್ರೆ ಕೈ ತಾನಾಗೇ ಏಳುತ್ತೆ" ಅಂದ. ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತೆ. ಮಂಜಿನಲ್ಲಿ ಸದ್ದು ಸಾಗಿತು. ಏರಿಯ ಈಚೆ ರಸ್ತೆಗೆ ಊರಿನ ಯಾರೋ ಹುರುಳಿ ಹಾಸಿರುವುದು ನನಗೆ ಗೊತ್ತಿತ್ತು. ಸದ್ದು ಅಲ್ಲಿಯವರೆಗೆ ಹೋಯಿತು. ನಿಂತಿತು.

ಒಂದು ಸಪ್ಪಳವಿಲ್ಲ. ಕಾಗೆ ಕೂಡ ಕೂಗಲಿಲ್ಲ. ಅವತ್ತೂ ಹೀಗೇ ಅಲ್ಲವೇ ನಿಂತದ್ದು? ಸೆರಗು ಎಲ್ಲೋ, ಕಾಲು ಎಲ್ಲೋ, ಅವನು ಬೇಡವೆಂದಿದ್ದ ಬಾಗಿಲು ದಾಟಿ ರಸ್ತೆಯವರೆಗೂ ಓಡಿದೆ. ಮೈಲಿಗಲ್ಲಿನ ಹತ್ತಿರ ಮಂಜಿನಲ್ಲಿ ಏನೋ ಕಪ್ಪಗೆ ಅಲ್ಲಾಡಿತು. ನಿಮ್ಮ ಮಗ ಗಾಡಿಯಿಂದ ಇಳಿದು, ಹುರುಳಿ ಬಿಟ್ಟು, ಪಕ್ಕದ ಮಣ್ಣಿನಲ್ಲಿ ಏದುಸಿರು ಬಿಡುತ್ತಾ ಅದನ್ನು ತಳ್ಳಿಕೊಂಡು ಹೋಗುತ್ತಿದ್ದ. ಹುರುಳಿ ಮುಗಿದ ಕಡೆ ಹತ್ತಿ ಕೂತ, ಒದ್ದು ಸ್ಟಾರ್ಟ್ ಮಾಡಿದ. ಎರಡೂ ಕೈ ಹ್ಯಾಂಡಲಿನ ಮೇಲೆ. ಒಂದು ಸಲವೂ ತಿರುಗಿ ನೋಡಲಿಲ್ಲ.

ಭಯ ಹೋಗಿದೆ ಅಂತ ಸುಳ್ಳು ಹೇಳುವುದಿಲ್ಲ. ಇದನ್ನು ಬರೆಯುವಾಗಲೂ ಕಿವಿ ರಸ್ತೆಯ ಕಡೆಗೇ ಇದೆ, ಶಿಫ್ಟು ಬಿಡುವ ಹೊತ್ತಾಯಿತು. ಆದರೆ ನಿಮಗೆ ಒಂದು ಮಾತು ಕೊಡುತ್ತೇನೆ, ಇನ್ನು ಅವನು ಬರುವಾಗ ಹೋಗುವಾಗ ನಾನು ಬಾಗಿಲಿಗೆ ಬರುವುದಿಲ್ಲ. ಸದ್ದಿನಲ್ಲೇ ಅವನನ್ನು ಕಾಯುತ್ತೇನೆ. ಅವನು ಇಳಿದು ತಳ್ಳಿದ ಜಾಗದಲ್ಲಿ ಮಣ್ಣಿನ ಮೇಲೆ ಟೈರಿನ ಗೆರೆ ಮೂಡಿತ್ತು, ಅದನ್ನೇ ನೋಡುತ್ತಾ ಬಹಳ ಹೊತ್ತು ನಿಂತಿದ್ದೆ. ಅಷ್ಟೇ ಅಲ್ಲವೇ ಬೇಕಿದ್ದದ್ದು? ನೀವೂ ಅವತ್ತು ಇಳಿದು ತಳ್ಳಿಕೊಂಡು ಬಂದಿದ್ದರೆ, ಆಗಲೂ ನಾನು ಬಾಗಿಲಲ್ಲಿ ನಗುತ್ತಲೇ ನಿಂತಿರುತ್ತಿದ್ದೆನಲ್ಲಾ ರೀ.