ಅವ್ವ ಇಳಿಸಿದ ಭಾರ

ಮೇಲುಕೇರಿ, ಕಪ್ಪತಗುಡ್ಡ
ಫೆಬ್ರವರಿ ಮೂವತ್ತೊಂದು, ೨೨೧೪

ಹಿಂದಿನ ಕಾಲದ ಹಿರಿಯರಿಗೆ ಚೆನ್ನಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ನನ್ನ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ಫೆಬ್ರವರಿಗೆ ನೀವು ಮಾಡಿದ್ದ ಅನ್ಯಾಯವನ್ನು ನಮ್ಮ ಮುತ್ತಜ್ಜಂದಿರು ಸರಿಪಡಿಸಿ ಬಹಳ ಕಾಲವಾಯಿತು. ನಿಮ್ಮ ಕಿವಿಗೆ ಒಗ್ಗದ ಶಬ್ದಗಳು ನಡುನಡುವೆ ಬಂದಾವು, ಅವನ್ನು ಬಿಡಿಸಿ ಹೇಳುತ್ತ ಹೋಗುತ್ತೇನೆ, ಕ್ಷಮಿಸಬೇಕು. ಹಿಂದಕ್ಕೆ ಹೋಗುವ ಈ ಟಪಾಲಿಗೆ ನಮ್ಮಲ್ಲಿ ಹಿಂಚೆ ಎನ್ನುತ್ತಾರೆ. ಇದಕ್ಕೆ ಉತ್ತರ ಬರುವುದಿಲ್ಲವಾದ್ದರಿಂದ ಹೆಚ್ಚಿನವರು ಬರೆಯುವ ಗೋಜಿಗೇ ಹೋಗುವುದಿಲ್ಲ. ನಾನು ಬರೆಯುತ್ತಿರುವುದು ನನ್ನ ಅವ್ವ ನೀಲಗಂಗವ್ವನ ಸಲುವಾಗಿ. ನನ್ನ ಬಾಣಂತನಕ್ಕೆ ಬರಬೇಕೆಂದು ಅವಳು ಮೈಭಾರ ಇಳಿಸಲು ಹೊರಟಿದ್ದಳು. ನಡುವೆಯೇ ಬಿಟ್ಟಳು. ಬರಲಾಗಲಿಲ್ಲ.

ನಾವಿರುವುದು ಗುಡ್ಡದ ಮೇಲೆ ನೆಟ್ಟ ಗಾಳಿಕಂಬಗಳ ತುದಿಯಲ್ಲಿ. ನಿಮ್ಮ ಕಾಲದಲ್ಲಿ ಇಂಥ ಕಂಬಗಳಿಗೆ ಬರೀ ರೆಕ್ಕೆ ಇರುತ್ತಿದ್ದವಂತೆ, ಈಗ ಮನೆಗಳೂ ಇವೆ. ಹಿಂಡಿ ಹಾಕಿದ ಸೀರೆ ನಾವು ತಿರುಗಿ ನೋಡುವಷ್ಟರಲ್ಲಿ ಒಣಗಿರುತ್ತದೆ, ಚಿಮುಟ ಹಾಕದಿದ್ದರೆ ಲಕ್ಷ್ಮೇಶ್ವರದ ದಾರಿ ಹಿಡಿದಿರುತ್ತದೆ. ಕಿಟಕಿ ತೆರೆದು ರೊಟ್ಟಿ ಬಡಿಯುವಂತಿಲ್ಲ, ಹಿಟ್ಟೆಲ್ಲ ಮೋರೆಗೆ. ಮೆಟ್ಟಿಲು ಕಟ್ಟಿದರೆ ಗಾಳಿ ಮನುಷ್ಯರನ್ನು ಕಿತ್ತು ಒಗೆಯುತ್ತದೆ ಎಂದು ಏರುಬುಟ್ಟಿ ಇಟ್ಟಿದ್ದಾರೆ. ಅದು ಹಗ್ಗದ ಮೇಲೆ ಒಬ್ಬೊಬ್ಬರನ್ನೇ ಹತ್ತಿಸಿ ಇಳಿಸುವ ಗಾಡಿ, ಅದು ತಾಳುವ ಭಾರಕ್ಕೆ ಒಂದು ಮಿತಿಯಿದೆ. ದಿನಸಿಯನ್ನಾದರೆ ಎರಡು ಗಂಟು ಮಾಡಿ ಏರಿಸಬಹುದು, ಅವ್ವನನ್ನು ಹಾಗೆ ಮಾಡಲಾಗುವುದಿಲ್ಲ. ಬಸುರಿಯರನ್ನು ಆ ತೂಗಾಟದಲ್ಲಿ ಕೆಳಗೆ ಕಳಿಸುವುದೂ ಇಲ್ಲ. ಹೀಗಾಗಿ ನಮ್ಮಲ್ಲಿ ಹೆರಿಗೆಗೆ ಮಗಳು ತವರಿಗೆ ಇಳಿಯುವುದಿಲ್ಲ, ತವರೇ ಮೇಲೆ ಹತ್ತಿ ಬರಬೇಕು.

ಇನ್ನು ನಿರಂಕದ ವಿಷಯ ಹೇಳಬೇಕು. ನೀವು ಪ್ರತಿ ತುತ್ತಿಗೂ ಪ್ರತಿ ಹೆಜ್ಜೆಗೂ ಅಂಕಿ ಹಚ್ಚಿ, ಮಣಿಕಟ್ಟಿಗೆ ಯಂತ್ರ ಕಟ್ಟಿಕೊಂಡು ಓಡಾಡಿದವರು. ಆ ಹುಚ್ಚು ನಿಮ್ಮ ಮಕ್ಕಳ ಕಾಲಕ್ಕೆ ಎಷ್ಟು ಏರಿತೆಂದರೆ, ಊಟದ ತಟ್ಟೆ ಕಂಡರೆ ಹುಡುಗಿಯರು ಹೆದರುವಂತಾಯಿತು. ಆಗ ಹಿರಿಯರೆಲ್ಲ ಕೂತು, ಮನುಷ್ಯರ ಮೈಗೆ ಅಂಕಿ ಹಚ್ಚಕೂಡದು ಎಂದು ಕಟ್ಟಳೆ ಮಾಡಿದರು. ಅದೇ ನಿರಂಕ. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ಅಲ್ಲವೆನ್ನುವುದಿಲ್ಲ. ಆದರೆ ಅಂದಿನಿಂದ ಏರುಬುಟ್ಟಿಯ ಬಾಗಿಲಲ್ಲಿರುವ ತೂಕದ ಹಲಗೆಗೆ ಎರಡೇ ದೀಪ. ಹಸಿರು ಹತ್ತಿದರೆ ಹತ್ತು, ಕೆಂಪು ಹತ್ತಿದರೆ ಇಳಿ. ಕೆಂಪಿನವರಿಗೆ ಹಸಿರು ಬಂದ ದಿನ ಕೇರಿಗೆಲ್ಲ ಹುಗ್ಗಿ ಮಾಡಿ ಹಾಕುತ್ತಾರೆ, ಅದಕ್ಕೆ ಹಸಿರೂಟ ಎನ್ನುತ್ತಾರೆ. ಕೆಂಪಿನಿಂದ ಹಸಿರಿನವರೆಗಿನ ದಾರಿಗೆ ನಮ್ಮಲ್ಲಿ ಊಟವೂ ಇಲ್ಲ, ಹೆಸರೂ ಇಲ್ಲ.

ನನಗೆ ತಿಂಗಳು ನಿಂತಿತೆಂದು ತಿಳಿದ ದಿನವೇ, ಗುಡ್ಡದ ಕೆಳಗಿನ ಊರಲ್ಲಿರುವ ಅವ್ವ ಬುಟ್ಟಿಯ ಬಾಗಿಲಿಗೆ ಹೋಗಿ ಹಲಗೆಯ ಮೇಲೆ ನಿಂತಳು. ಕೆಂಪು. ಬುಟ್ಟಿ ಕಾಯುವ ಫಕೀರಣ್ಣ, "ಇನ್ನಾ ಭಾಳ ದಿನ ಐತಿ ಬಿಡ ಯಕ್ಕಾ, ಆಗತೈತಿ" ಅಂದನಂತೆ. ಅವ್ವ ಮನೆಗೆ ಬಂದು ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು, ರಾತ್ರಿಯ ಅನ್ನ ಬಿಟ್ಟಳು, ನೀರಿನ ಟಾಕಿಯ ತನಕ ನಡೆಯತೊಡಗಿದಳು. ಯಾರೂ ಕಲಿಸದಿದ್ದರೂ ಒಂದು ಉಪಾಯ ಕಂಡುಕೊಂಡಿದ್ದಳು. ಹಸಿರು ದೀಪ ಬಹಳ ದೂರ ಇದೆಯಲ್ಲ, ಅದಕ್ಕೇ ತನ್ನಷ್ಟಕ್ಕೆ ಸಣ್ಣ ಸಣ್ಣ ಗುರಿ ಇಟ್ಟುಕೊಂಡಿದ್ದಳು. ಮೊದಲನೆಯದು, ನೆಲದ ಮೇಲೆ ಕೂತು ಉಂಡು, ಗೋಡೆ ಹಿಡಿಯದೆ ಏಳುವುದು. ಆಮೇಲೆ ಟಾಕಿಯವರೆಗೆ ಎಲ್ಲಿಯೂ ಕೂರದೆ ಹೋಗಿಬರುವುದು. ಅದಾದ ಮೇಲೆ ಮದುವೆಯ ಬೆಳ್ಳಿ ಡಾಬಿನ ಕೊಂಡಿ ಹೊಟ್ಟೆಯ ಮೇಲೆ ಕೂರಬೇಕು. ಒಂದೊಂದು ದಾಟಿದಾಗಲೂ ಒಂದೊಂದು ಹಬ್ಬ ಮಾಡುತ್ತೇನೆ ಎಂದು ನನಗೆ ದೂರಮುಖದಲ್ಲಿ ಹೇಳಿದ್ದಳು. ದೂರಮುಖವೆಂದರೆ ಗಾಳಿಯಲ್ಲೇ ಎದುರಿಗೆ ಮೂಡುವ ಮೋರೆ, ಕೈ ಚಾಚಿದರೆ ಏನೂ ಸಿಗುವುದಿಲ್ಲ.

ಗೋಡೆ ಹಿಡಿಯದೆ ಎದ್ದ ದಿನ ಅವ್ವ ಎರಡೂ ಕೈತುಂಬ ಹಸಿರು ಗಾಜಿನ ಬಳೆ ಇಡಿಸಿಕೊಂಡು, ಮಲ್ಲಿಗೆ ಮುಡಿದು ಕಟ್ಟೆಯ ಮೇಲೆ ಕೂತಳು. ಪಕ್ಕದ ಮನೆಯ ಗುರಸಿದ್ದವ್ವ ಬಂದು, ಇವತ್ತು ಏನು ಹಬ್ಬ ಎಂದು ಕೇಳಿದಳು. ಅವ್ವ ನಾಚಿಕೊಂಡೇ ಹೇಳಿದಳು. ಗುರಸಿದ್ದವ್ವ ಇಡೀ ಓಣಿಗೆ ಕೇಳುವಂತೆ ನಕ್ಕು, "ಕೂಸು ಎದ್ದು ನಿಂತ್ರ ಹಬ್ಬ ಮಾಡತಾರವ್ವಾ, ಮುದುಕಿ ಎದ್ದು ನಿಂತ್ರೂ ಮಾಡಬೇಕೇನ?" ಅಂದಳು. ಕೆಟ್ಟ ಹೆಂಗಸಲ್ಲ ಅವಳು, ಅವ್ವನ ಹಸಿರೂಟಕ್ಕೆಂದು ಗೋದಿ ಕುಟ್ಟಿ ಇಟ್ಟವಳೂ ಅವಳೇ. ಆದರೆ ಆ ನಗೆ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಅವ್ವ ಸಂಜೆಗೇ ಬಳೆ ತೆಗೆದಿಟ್ಟಳು. ಟಾಕಿಯವರೆಗೆ ಕೂರದೆ ಹೋಗಿಬಂದ ದಿನ ಮಲ್ಲಿಗೆಯನ್ನೂ ಮುಡಿಯಲಿಲ್ಲ. ಅಪ್ಪನಿಗೆ ಹೇಳಿದರೆ ಅವನು, "ಅದಕ್ಕ ಬುಟ್ಯಾಗ ಹತ್ತಸತಾರೇನ?" ಅಂದನಂತೆ. ನನಗೆ ಹೇಳಿದಾಗ ನಾನೂ, "ಇನ್ನಾ ಕೆಂಪ ಏನಬೇ?" ಅಂದೆ.

ಮೋರೆ ಇಳಿಯತೊಡಗಿದ ಮೇಲೆ ಇನ್ನೊಂದು ಕಾಟ ಶುರುವಾಯಿತು. ಈ ಒಂದು ವಿಷಯದಲ್ಲಿ ನೀವೂ ನಾವೂ ಒಂದೇ ಎಂದು ಕೇಳಿದ್ದೇನೆ. ಎದುರಿಗೆ ಬಂದವರೆಲ್ಲ ಗಲ್ಲ ಮುಟ್ಟಿ, "ಯಾಕಬೇ ಹಿಂಗ ಸೊರಗೀದಿ? ಆರಾಮ ಇಲ್ಲೇನ?" ಎಂದು ಮರುಗುವುದು, ಕೈಗೊಂದು ಉಂಡಿ ಇಟ್ಟು ಹೋಗುವುದು. ಬೇಡವೆಂದರೆ ಸಿಟ್ಟು. ಇಳಿದದ್ದು ರೋಗವೆಂದು ಊರು ಹೇಳುತ್ತಿತ್ತು, ಇಳಿದೇ ಇಲ್ಲವೆಂದು ದೀಪ ಹೇಳುತ್ತಿತ್ತು. ನೀನು ಇಷ್ಟು ದೂರ ಬಂದೆ, ಭೇಷ್ ಎನ್ನಲು ಒಂದು ಪ್ರಾಣಿಯೂ ಇರಲಿಲ್ಲ. ನನಗೆ ಏಳು ತಿಂಗಳು ತುಂಬಿದಾಗ ಡಾಬಿನ ಕೊಂಡಿ ಕೂತಿತು. ಅದನ್ನು ಸೆರಗಿನ ಒಳಗೆ ಕಟ್ಟಿಕೊಂಡೇ ಅವ್ವ ಹಲಗೆಯ ಮೇಲೆ ಹೋಗಿ ನಿಂತಳು. ಆಗಲೂ ಕೆಂಪೇ. ಮರುದಿನ ಅವಳು ಟಾಕಿಯ ಕಡೆ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಅಟ್ಟದ ಸಕ್ಕರೆ ಡಬ್ಬಿ ಕೆಳಗೆ ಬಂತು.

ನನ್ನ ಬಾಣಂತನವನ್ನು ಕೇರಿಯ ಯಂತ್ರವೇ ಮಾಡಿತು. ನೀರು ಹದವಾಗಿಯೇ ಕಾಯಿಸಿತು, ಎಣ್ಣೆಯನ್ನೂ ತಿಕ್ಕಿತು. ಅವ್ವ ದೂರಮುಖದಲ್ಲಿ ಕೂತು, "ನಡ ಬಿಗಿ ಕಟ್ಟಿಕೋ ಚೆನ್ನಿ, ತಂಪಿಗೆ ಕುಂದರಬ್ಯಾಡ" ಅನ್ನುತ್ತಿದ್ದಳು. ನನ್ನ ಕೂಸು ಅತ್ತಾಗಲೆಲ್ಲ ಅವ್ವನ ಎರಡೂ ಕೈ ತಾವಾಗಿಯೇ ಮುಂದೆ ಬರುತ್ತಿದ್ದವು, ಮತ್ತೆ ಮಡಿಲಿಗೆ ಹೋಗುತ್ತಿದ್ದವು. ನನಗೆ ಅವ್ವ ಬೇಕಾಗಿತ್ತು. ಅಷ್ಟೇ ಹೇಳಬಲ್ಲೆ.

ಈಗ ಅವಳ ಮಂಡಿ ಹೋಗಿವೆ, ಮನೆಯೊಳಗೇ ಕೋಲು ಹಿಡಿದು ಓಡಾಡುತ್ತಾಳೆ. ಮತ್ತೊಮ್ಮೆ ಇಳಿಸುವ ಮಾತನ್ನು ಯಾರೂ ಎತ್ತುವುದಿಲ್ಲ. ನಿಮ್ಮ ಮನೆಯಲ್ಲಿಯೂ ಒಬ್ಬಳು ಈಗ ಇಂಥದೇ ದಾರಿಯಲ್ಲಿ ಇರಬಹುದು. ಅವಳಿಗೆ ಇನ್ನೆಷ್ಟು ಉಳಿದಿದೆ ಎಂದು ದಯಮಾಡಿ ಕೇಳಬೇಡಿ. ಗೋಡೆ ಬಿಟ್ಟು ಎದ್ದಳೇ, ಕರೆದು ಬಳೆ ಇಡಿಸಿ. ಒಂದು ಕಿಲೋ ಇಳಿದಳೇ, ಓಣಿಗೆಲ್ಲ ಹೇಳಿ. ನಿಮ್ಮ ಹತ್ತಿರ ಇನ್ನೂ ಅಂಕಿಗಳಿವೆ, ಒಳ್ಳೆಯದಕ್ಕೂ ಅವನ್ನು ಬಳಸಿ.

ಹೋದ ವಾರ ಅವ್ವ ಮಾತಿನ ನಡುವೆ ಸುಮ್ಮನೆ ಕೇಳಿದಳು: "ಚೆನ್ನೀ, ಆವಾಗ ನಾ ಎಷ್ಟ ಇಳದಿದ್ದೆ ಅಂತ ನಿನಗೇನರ ಗೊತ್ತೈತೇನ?" ನನಗೆ ಗೊತ್ತಿಲ್ಲ. ಫಕೀರಣ್ಣನಿಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಭಾಳ ಇಳಿದಿದ್ದೆ ಬೇ, ಅಂದೆ. ಅವಳು ನಂಬಲಿಲ್ಲ.

ಇಂತಿ,
ನಿಮ್ಮ ನಂತರದವಳು
ಚೆನ್ನಾಂಬಿಕೆ