ಸೋಲುವುದಾದರೆ ಕೋಲಾರದಲ್ಲೇ ಸೋಲಿ

ಅಂತರಗಂಗೆ ಫುಟ್‌ಬಾಲ್ ಕ್ಲಬ್ಬಿನ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳ ಅವಗಾಹನೆಗೆ

ಮಾನ್ಯರೇ,

ಲೀಗಿನ ಉಳಿದರ್ಧದಲ್ಲಿ ನಮ್ಮ ತಂಡ ತವರಿನಲ್ಲಿ ಆಡಬೇಕಿದ್ದ ಪಂದ್ಯಗಳನ್ನೆಲ್ಲ ಕೋಲಾರದಿಂದ ಬೆಂಗಳೂರಿಗೆ ಸ್ಥಳಾಂತರಿಸಿರುವ ನಿಮ್ಮ ಪ್ರಕಟಣೆಯನ್ನು ಓದಿದೆ. ಕಾರಣವನ್ನೂ ದಯಪಾಲಿಸಿದ್ದೀರಿ: ಸ್ಥಳೀಯ ಪ್ರೇಕ್ಷಕರ ನೀರಸ ಪ್ರತಿಕ್ರಿಯೆ. ಹತ್ತು ತಂಡಗಳ ಪೈಕಿ ಒಂಬತ್ತನೆಯದಾಗಿರುವ ತಂಡಕ್ಕೆ ಎಂಥ ಪ್ರತಿಕ್ರಿಯೆ ಕೊಡಬೇಕೆಂದು ಮುಂಚಿತವಾಗಿ ತಿಳಿಸಿದ್ದರೆ ಅಭ್ಯಾಸ ಮಾಡಿಕೊಂಡು ಬರುತ್ತಿದ್ದೆವು. ಅರ್ಧ ಸೀಸನ್ನಿನಲ್ಲಿ ಒಂದೇ ಒಂದು ಪಂದ್ಯ ಗೆದ್ದಿದ್ದೀರಿ. ಸೋಲುವುದಕ್ಕೆ ನಮ್ಮ ಊರಿನ ಮೈದಾನದಲ್ಲಿ ಏನು ಕೊರತೆ ಕಂಡಿತು? ಬೆಂಗಳೂರಿನ ಹುಲ್ಲಿನ ಮೇಲೆ ಸೋತರೆ ಅದಕ್ಕೇನಾದರೂ ಬೇರೆ ಹೆಸರಿದೆಯೇ?

ನಾನು ಸುಗಟೂರಿನವಳು. ನಮ್ಮೂರ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಮೇಲಿನವರಿಗೆ ಪತ್ರ ಬರೆಯುವುದು, ಅದಕ್ಕೆ ಉತ್ತರ ಬಾರದಿರುವುದು, ಎರಡೂ ನನಗೆ ರೂಢಿ. ಆದರೂ ಮೊದಲು ವೇಮಗಲ್ಲಿನಲ್ಲಿರುವ ನಿಮ್ಮ ಕಚೇರಿಗೇ ಹೋದೆ. ಸಾಹೇಬರು ಬೆಂಗಳೂರಿನಲ್ಲಿದ್ದಾರೆ ಎಂದರು. ತಂಡಕ್ಕಿಂತ ಮೊದಲೇ ನೀವು ಸ್ಥಳಾಂತರಗೊಂಡಿದ್ದು ನನಗೆ ಗೊತ್ತಿರಲಿಲ್ಲ. ಕೌಂಟರಿನಲ್ಲಿದ್ದ ಹುಡುಗಿ ಪಾಪ ಒಳ್ಳೆಯವಳು. ದೂರಿದ್ದರೆ ಮೊಬೈಲಿನಲ್ಲಿ ಕ್ಲಬ್ಬಿನ ಪುಟ ತೆರೆದು ಒಂದರಿಂದ ಐದರವರೆಗೆ ನಕ್ಷತ್ರ ಒತ್ತಿ ಎಂದಳು. ನನ್ನ ದೂರು ನಕ್ಷತ್ರಗಳಲ್ಲಿ ಹೇಳುವಂಥದ್ದಲ್ಲ. ಅದಕ್ಕೇ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಮೊದಲು ತಂಡದ ವಿಷಯ. ಸೀಸನ್ನಿನ ಮಧ್ಯದ ವಿರಾಮದಲ್ಲಿ ನೀವು ಹೊರಡಿಸಿದ ಅವಲೋಕನದಲ್ಲಿ ‘ತಂಡ ಮರುನಿರ್ಮಾಣದ ಹಂತದಲ್ಲಿದೆ, ಭವಿಷ್ಯ ಉಜ್ವಲವಾಗಿದೆ’ ಎಂದು ಬರೆದಿದ್ದೀರಿ. ಕ್ಲಬ್ಬು ಹುಟ್ಟಿಯೇ ಮೂರು ವರ್ಷ. ನಿರ್ಮಾಣ ಮುಗಿದದ್ದು ಯಾವಾಗ, ಮರುನಿರ್ಮಾಣ ಶುರುವಾದದ್ದು ಯಾವಾಗ? ಇದುವರೆಗೆ ತಂಡ ಹೊಡೆದದ್ದು ಏಳು ಗೋಲು. ಅದರಲ್ಲಿ ಐದು ಶ್ರೀಧರ್ ಎಂಬ ಹುಡುಗನದು. ಉಜ್ವಲ ಭವಿಷ್ಯದ ಮೊದಲ ಹೆಜ್ಜೆಯಾಗಿ ಆ ಶ್ರೀಧರನನ್ನು ನಮಗಿಂತ ಒಂದೇ ಸ್ಥಾನ ಮೇಲಿರುವ ತಂಡಕ್ಕೆ ಮಾರಿಬಿಟ್ಟಿರಿ. ಬಂದ ಹಣದಲ್ಲಿ ಆಟಗಾರರಿಗೆ ಹೊಸ ವಿನ್ಯಾಸದ ಅಂಗಿ ಹೊಲಿಸಿದಿರಿ. ಕರೆಯುವ ಹಸುವನ್ನು ಮಾರಿ ಕೊಟ್ಟಿಗೆಗೆ ಬಣ್ಣ ಹೊಡೆಸುವ ಸದಸ್ಯರು ನಮ್ಮ ಸಂಘದಲ್ಲಿ ಇದುವರೆಗೆ ಯಾರೂ ಸಿಕ್ಕಿಲ್ಲ. ಸಿಕ್ಕರೆ ನಿಮ್ಮ ಬಳಿಗೆ ಕಳಿಸುತ್ತೇನೆ. ನಿಮ್ಮಲ್ಲಿ ಒಳ್ಳೆಯ ಹುದ್ದೆ ಸಿಗಬಹುದು.

ಉಳಿದರ್ಧದ ಬಗ್ಗೆ ನನ್ನ ಅಂದಾಜು ಕೇಳಿ. ಗೋಲ್‌ಕೀಪರ್ ಗಟ್ಟಿಗ. ಅವನಿಲ್ಲದಿದ್ದರೆ ಈಗಾಗಲೇ ಹತ್ತನೇ ಸ್ಥಾನದಲ್ಲಿ ಆರಾಮವಾಗಿ ಕೂತಿರುತ್ತಿದ್ದೆವು. ಮಧ್ಯದಲ್ಲಿ ಆಡುವವರು ಚೆಂಡನ್ನು ಅತ್ತಿಂದಿತ್ತ, ಇತ್ತಿಂದತ್ತ ತಳ್ಳುತ್ತಾರೆ. ಮುಂದಕ್ಕೆ ಒದೆಯಬಹುದು ಎಂಬ ಸುದ್ದಿ ಅವರಿಗಿನ್ನೂ ತಲುಪಿಲ್ಲ. ಎಡಗಡೆ ಕಾಯುವ ಆಂಜಿ ಮುಳಬಾಗಿಲಿನ ಹುಡುಗ, ನಮ್ಮವನೇ. ಅವನು ಎದುರಾಳಿಗೆ ಕೊಟ್ಟಷ್ಟು ಅಚ್ಚುಕಟ್ಟಾದ ಪಾಸನ್ನು ನಮ್ಮ ಕಡೆಯವರಿಗೆ ಯಾವತ್ತೂ ಕೊಟ್ಟಿಲ್ಲ. ಶ್ರೀಧರನೂ ಇಲ್ಲದ ಮೇಲೆ ಎಂಟನೇ ಸ್ಥಾನಕ್ಕೇರಿದರೆ ಅದೇ ನಮಗೆ ಕಪ್ ಗೆದ್ದಂತೆ. ಕೊನೆಗಿಳಿದರೆ ಕೆಳಗಿನ ದರ್ಜೆ. ಇಷ್ಟು ತಿಳಿದೂ ಒಂದು ಪಂದ್ಯ ತಪ್ಪಿಸದೆ ಬಂದು ಕೂತವರನ್ನು ನೀವು ನೀರಸ ಎಂದಿರಿ. ಇರಲಿ. ಎರಡು ನೂರು ಜನರ ನೀರಸದಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ವಿವರಿಸುತ್ತೇನೆ.

ಕ್ಲಬ್ಬು ಶುರುವಾದ ವರ್ಷವೇ ನನ್ನ ಮಗಳು ಪವಿತ್ರಳ ಮದುವೆ ಆಯಿತು. ಅಳಿಯ ಮುರಳಿಮೋಹನ್ ಮಾಸ್ತಿಯವನು. ಆಗ ವೇಮಗಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದ. ನೀವು ಮೂರು ಸೀಸನ್ನಿಗೆ ಸೇರಿಸಿ ರಿಯಾಯಿತಿಯಲ್ಲಿ ಪಾಸು ಮಾರುತ್ತಿದ್ದಿರಿ. ಅವನು ತನ್ನ ತಾಯಿ ಆದಿಲಕ್ಷ್ಮಮ್ಮನವರಿಗೊಂದು, ನನಗೊಂದು ತಂದುಕೊಟ್ಟ. ಬೀಗಿತ್ತಿಯರು ಒಟ್ಟಿಗೆ ಹೋಗಿಬಂದರೆ ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ ಎಂಬುದು ಅವನ ಲೆಕ್ಕ. ಪೂರ್ವ ಗ್ಯಾಲರಿಯ ಸಿಮೆಂಟ್ ಮೆಟ್ಟಿಲಿನ ಮೇಲೆ ಬಣ್ಣದಲ್ಲಿ ಬರೆದ ಅಕ್ಕಪಕ್ಕದ ಎರಡು ನಂಬರು ನಮ್ಮವು. ಆಟ ಇಬ್ಬರಿಗೂ ಗೊತ್ತಿರಲಿಲ್ಲ. ಹನ್ನೊಂದು ಜನರೂ ಒಟ್ಟಿಗೇ ಚೆಂಡಿನ ಹಿಂದೆ ಯಾಕೆ ಓಡುವುದಿಲ್ಲ ಎಂಬುದು ಆದಿಲಕ್ಷ್ಮಮ್ಮನವರ ಪ್ರಶ್ನೆಯಾಗಿತ್ತು. ಇಂದಿಗೂ ಅವರ ನಿಲುವು ಬದಲಾಗಿಲ್ಲ. ನಿಮ್ಮ ತರಬೇತುದಾರರು ಒಮ್ಮೆ ಪ್ರಯತ್ನಿಸಿ ನೋಡಬಹುದು.

ಮದುವೆ ಎರಡು ವರ್ಷ ನಿಲ್ಲಲಿಲ್ಲ. ಹೊಡೆತ ಬಡಿತ ಏನೂ ಇರಲಿಲ್ಲ. ಮುರಳಿ ಮಾತೇ ಆಡುವವನಲ್ಲ. ವಾರಗಟ್ಟಲೆ ಒಂದೇ ಮನೆಯಲ್ಲಿ ಬಾಯಿ ಬಿಡದೆ ಇದ್ದುಬಿಡುತ್ತಿದ್ದ. ಪವಿತ್ರ ಮೊದಲು ಕಾದಳು, ಆಮೇಲೆ ಅತ್ತಳು, ಕೊನೆಗೆ ಬಟ್ಟೆ ತುಂಬಿಕೊಂಡು ಸುಗಟೂರಿಗೆ ಬಂದಳು. ಮಾಲೂರಿನಲ್ಲಿ ಹಿರಿಯರೊಬ್ಬರ ಮನೆಯಲ್ಲಿ ಪಂಚಾಯಿತಿ ಸೇರಿತು. ಹೆಂಗಸಾದವಳಿಗೆ ತಾಳ್ಮೆ ಬೇಡವೇ ಎಂದು ಆದಿಲಕ್ಷ್ಮಮ್ಮ ಕೇಳಿದರು. ನಿಮ್ಮ ಮಗನಿಗೆ ನಾಲಿಗೆ ಬೇಡವೇ ಎಂದು ನಾನು ಕೇಳಿದೆ. ಅಲ್ಲಿಂದ ಮುಂದಕ್ಕೆ ಆಡಿದ ಮಾತುಗಳನ್ನು ಪತ್ರಿಕೆಯವರು ಅಚ್ಚು ಹಾಕಲಾರರು. ಗಂಡ ಹೆಂಡತಿ ಇಬ್ಬರೂ ಒಪ್ಪಿ ವಿಚ್ಛೇದನವಾಯಿತು. ಬೀಗಿತ್ತಿಯರು ನಾವೂ ಫೋನಿನಲ್ಲಿ ಒಬ್ಬರ ನಂಬರನ್ನು ಇನ್ನೊಬ್ಬರು ಅಳಿಸಿಕೊಂಡೆವು. ಈಗ ಪವಿತ್ರ ಕೋಲಾರದ ಖಾಸಗಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ.

ಮದುವೆ ಮುರಿಯಿತು, ಪಾಸಿನ ಅವಧಿ ಮುಗಿಯಲಿಲ್ಲ. ಈ ಸೀಸನ್ನಿನ ಮೊದಲ ಪಂದ್ಯಕ್ಕೆ, ಆ ಹೆಂಗಸು ಹೇಗೂ ಬರುವುದಿಲ್ಲ ಎಂದುಕೊಂಡು ಹೋದೆ. ಅವರೂ ಅದನ್ನೇ ಅಂದುಕೊಂಡು ಬಂದಿದ್ದರು. ಎದ್ದು ಹೋದರೆ ಸೋತಂತೆ. ಕೂತೆವು. ಅವರು ಬುತ್ತಿಯ ಚೀಲವನ್ನು ಗಡಿಕಲ್ಲಿನಂತೆ ಮಧ್ಯೆ ಇಟ್ಟರು. ನಾನು ಸೆರಗು ಎಳೆದುಕೊಂಡು ಬಲಕ್ಕೆ ತಿರುಗಿ ಕೂತೆ. ಪೂರ್ವ ಗ್ಯಾಲರಿಯಲ್ಲಿ ಸಂಜೆ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಇಬ್ಬರೂ ಹಣೆಗೆ ಕೈ ಅಡ್ಡ ಹಿಡಿದುಕೊಂಡು, ಒಂದು ಮಾತಿಲ್ಲದೆ, ಮೂರು ಗೋಲು ಬೀಳುವುದನ್ನು ನೋಡಿ ಎದ್ದು ಹೋದೆವು. ಮುಂದಿನ ಪಂದ್ಯದಲ್ಲೂ ಅಷ್ಟೇ. ನಿಮ್ಮ ಪ್ರಕಟಣೆಯಲ್ಲಿರುವ ನೀರಸ ಎಂಬ ಪದವನ್ನು ಆ ಎರಡು ಪಂದ್ಯಗಳ ಮಟ್ಟಿಗೆ ನಾನು ಒಪ್ಪುತ್ತೇನೆ.

ಮೂರನೇ ಪಂದ್ಯದಲ್ಲಿ ಆಂಜಿ ನಮ್ಮನ್ನು ಉದ್ಧಾರ ಮಾಡಿದ. ಸುತ್ತಮುತ್ತ ಯಾರೂ ಇಲ್ಲದಾಗ, ಸಾಕಷ್ಟು ಸಮಯವಿದ್ದಾಗ, ಚೆಂಡನ್ನು ಕೊಂಡೊಯ್ದು ಎದುರಾಳಿಯ ಕಾಲಿಗೆ ಇಟ್ಟ. ಆದಿಲಕ್ಷ್ಮಮ್ಮ ಮೈದಾನದ ಕಡೆ ನೋಡುತ್ತಲೇ, ಯಾರಿಗೂ ಅಲ್ಲವೆಂಬಂತೆ, "ಇವನಿಗೆ ಎಡಗಾಲು ಅನ್ನೋದೇ ಇಲ್ವಾ?" ಎಂದರು.

"ಬಲಗಾಲು ಇದ್ಯಾ ಕೇಳಿ ಮೊದ್ಲು," ಎಂದೆ ನಾನು. ಯಾರಿಗೂ ಅಲ್ಲ.

ಅವರು ನಗು ತಡೆಯಲು ಕೆಮ್ಮಿದರು. ಅಂದಿನಿಂದ ನಾವಿಬ್ಬರೂ ಆಂಜಿಯ ಮೂಲಕ ಮಾತಾಡತೊಡಗಿದೆವು. ಅವನ ಓಟ, ಅವನ ಕೂದಲು, ಅವನಿಗೆ ಹಸಿವಾಗಿರಬಹುದೇ ಎಂಬ ಸಂಶಯ, ಎಲ್ಲ ಬಂತು. ಮುಂದಿನ ಪಂದ್ಯಕ್ಕೆ ಅವರು ಬೇಯಿಸಿದ ಕಡಲೆಕಾಯಿ ತಂದು ಚೀಲದ ಬಾಯಿಯನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು. ತಗೊಳ್ಳಿ ಎನ್ನಲಿಲ್ಲ. ನಾನು ಕೇಳಲೂ ಇಲ್ಲ, ಕೈ ಹಾಕಿ ತಿಂದೆ. ಒಬ್ಬರ ಮುಖ ಒಬ್ಬರು ನೋಡಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಇಬ್ಬರಿಗೂ ನೋಡಲು ಇನ್ನೊಂದು ಏನೋ ಇತ್ತು. ಅದೂ ಬಯ್ಯಲು ಯೋಗ್ಯವಾಗಿತ್ತು. ಅದನ್ನು ಒದಗಿಸಿದ್ದಕ್ಕಾಗಿ ನಿಮ್ಮ ಕ್ಲಬ್ಬಿಗೆ ಮನಃಪೂರ್ವಕ ವಂದನೆ ಸಲ್ಲಿಸುತ್ತೇನೆ. ಇದನ್ನು ವ್ಯಂಗ್ಯವೆಂದು ತಿಳಿಯಬೇಡಿ. ಈ ಪತ್ರದಲ್ಲಿ ವ್ಯಂಗ್ಯವಲ್ಲದ ಕೆಲವು ಮಾತುಗಳೂ ಇವೆ.

ವಿರಾಮಕ್ಕೆ ಮುಂಚಿನ ಕೊನೆಯ ಪಂದ್ಯದಲ್ಲಿ ಶ್ರೀಧರ್ ದೂರದಿಂದ ಒದ್ದ ಚೆಂಡು ಬಲೆಯ ಮೂಲೆಗೆ ಹೋಗಿ ಬಿತ್ತು. ಇಬ್ಬರೂ ಎದ್ದು ನಿಂತಿದ್ದೆವು. ಕೂರುವಾಗ ನೋಡಿದರೆ ಅವರ ಕೈ ನನ್ನ ಮೊಣಕೈಯನ್ನು ಹಿಡಿದುಕೊಂಡಿತ್ತು. ಸ್ವಲ್ಪ ಹೊತ್ತಿಗೆ ಅರ್ಧ ಆಟ ಮುಗಿದು ಆಟಗಾರರು ಒಳಗೆ ಹೋದರು. ಮೈದಾನ ಖಾಲಿಯಾಯಿತು, ಬಯ್ಯಲು ಯಾರೂ ಉಳಿಯಲಿಲ್ಲ. ಪವಿತ್ರ ಹೇಗಿದ್ದಾಳೆ ಎಂದು ಅವರು ಕೇಳಿದರು. ಚೆನ್ನಾಗಿದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ ಎಂದೆ. ಅವರು ಕಡಲೆಕಾಯಿ ಸಿಪ್ಪೆಗಳನ್ನು ಒಂದೊಂದಾಗಿ ಆಯ್ದು ಚೀಲಕ್ಕೆ ಹಾಕಿದರು.

ಆಮೇಲೆ ಹೇಳಿದರು: "ಮುರಳಿ ಅವರಪ್ಪನ ಹಂಗೇ. ಮನೇಲಿ ಗೋಡೆ ಇದ್ದಂಗೆ ಇರ್ತಾನೆ. ನಾನು ಮೂವತ್ತು ವರ್ಷ ಗೋಡೆ ಜೊತೆ ಬಾಳಿದೀನಿ. ನಂಗೆ ಆಗಿದ್ದು ಅವಳಿಗ್ಯಾಕೆ ಆಗಲ್ಲ ಅಂತ ಅವತ್ತು ಸಿಟ್ಟು ಬಂತು. ಈಗ ಯೋಚ್ನೆ ಮಾಡಿದ್ರೆ, ನಂಗೂ ಆಗ್ತಿರ್ಲಿಲ್ಲ. ಹೋಗೋಕೆ ಜಾಗ ಇರ್ಲಿಲ್ಲ, ಅಷ್ಟೆ."

ಪಂಚಾಯಿತಿಯಲ್ಲಿ ಕೇಳಬೇಕಿದ್ದ ಮಾತು ಅದು, ಒಂದು ವರ್ಷ ತಡವಾಗಿ ಬಂದಿತ್ತು. ಆದರೂ ಬಂದಿತ್ತು. ಅಷ್ಟರಲ್ಲಿ ಸೀಟಿ ಊದಿದರು. ಉಳಿದರ್ಧದಲ್ಲಿ ಆಂಜಿ ಚೆಂಡನ್ನು ತಲೆಯಿಂದ ಹೊರಗೆ ತಳ್ಳಲು ಹೋಗಿ ನಮ್ಮದೇ ಗೋಲಿಗೆ ತಳ್ಳಿ ಪಂದ್ಯ ಸಮವಾಯಿತು. ಯಾರೂ ಬಯ್ಯಲಿಲ್ಲ. ಮಾಸ್ತಿಗೆ ಹೋಗಲು ಮಾಲೂರಿನ ಬಸ್ಸು ಹಿಡಿಯುವ ಆತುರದಲ್ಲಿ ಎದ್ದ ಆದಿಲಕ್ಷ್ಮಮ್ಮ ಎರಡು ಮೆಟ್ಟಿಲು ಇಳಿದು ತಿರುಗಿ ನಿಂತರು. "ಪವಿತ್ರನ್ನ ಒಂದ್ಸಲ ನೋಡಿ ಮಾತಾಡ್ಬೇಕು. ಅವಳು ಒಪ್ತಾಳಾ, ಕೇಳಿ. ಮುಂದಿನ ಮ್ಯಾಚ್‌ಗೆ ಬಂದಾಗ ಹೇಳಿ, ಬೇಡ ಅಂದ್ರೂ ಪರವಾಗಿಲ್ಲ," ಎಂದರು.

ಮನೆಗೆ ಬಂದು ಮಗಳಿಗೆ ಎಲ್ಲವನ್ನೂ ಹೇಳಿದೆ. ಗೋಡೆಯ ಮಾತನ್ನು ಹೇಳುವಾಗ ಅವಳು ಎದ್ದು ಹಿತ್ತಲಿಗೆ ಹೋದಳು. ಆಮೇಲೆ ಎರಡು ದಿನ ಆ ವಿಷಯ ಎತ್ತಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಮೂರನೇ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು: "ಅವ್ರು ಮನೆಗೆ ಬಂದು ಎದುರಿಗೆ ಕೂತ್ರೆ ನಂಗೆ ಮಾತು ಬರಲ್ಲಮ್ಮ. ಮ್ಯಾಚ್‌ಗೆ ನಾನೇ ಬರ್ತೀನಿ."

ಅದೇ ದಿನ ಸಂಜೆ ನಿಮ್ಮ ಪ್ರಕಟಣೆ ಬಂತು.

ನನ್ನ ಯಜಮಾನರು ಶ್ರೀನಿವಾಸಪ್ಪನವರು, ಯಾರನ್ನಾದರೂ ಕೇಳಿ ನಂಬರು ತೆಗೆದುಕೊಂಡು ಫೋನಿನಲ್ಲಿ ಒಂದು ಮಾತು ಹೇಳಿಬಿಡಬಾರದೇ ಎಂದರು. ಹೇಳಬಹುದು. ಆಗ ಅವರು ಹಲೋ ಎನ್ನಬೇಕು, ನಾನು ಯಾರೆಂದು ಹೇಳಬೇಕು, ಆಮೇಲೆ ಇಬ್ಬರೂ ಸುಮ್ಮನಾಗಬೇಕು. ಆ ಮೌನದಲ್ಲಿ ಮಾಲೂರಿನ ಪಂಚಾಯಿತಿಯೆಲ್ಲ ಮತ್ತೆ ಎದ್ದು ಬರುತ್ತದೆ. ಕಣ್ಣನ್ನು ಮೈದಾನದ ಮೇಲಿಟ್ಟು ಮಾತ್ರ ನಮಗೆ ಆಡಲು ಬರುವ ಮಾತುಗಳಿವು. ಮಗಳು ಕೇಳಿದ್ದೂ ಅದನ್ನೇ.

ಹಾಗಾದರೆ ಬೆಂಗಳೂರಿಗೇ ಬನ್ನಿ, ಪಾಸಿದ್ದವರಿಗೆ ಕೋಲಾರದಿಂದ ಉಚಿತ ಬಸ್ಸಿದೆ ಎನ್ನುತ್ತೀರಿ. ಓದಿದ್ದೇನೆ. ಪಂದ್ಯ ಶುರುವಾಗುವುದೇ ರಾತ್ರಿ ಏಳೂವರೆಗೆ. ನಿಮ್ಮ ಬಸ್ಸು ಕೋಲಾರಕ್ಕೆ ಹಿಂದಿರುಗುವ ಹೊತ್ತಿಗೆ ಮಾಸ್ತಿಗೆ ಹೋಗುವ ಬಸ್ಸು ಯಾವುದಿರುತ್ತದೆ? ಅರವತ್ತರ ಹೆಂಗಸು ಎಲ್ಲಿ ಮಲಗಬೇಕು? ನಾನು ಬೆಳಗಿನ ಹಾಲಿಗೆ ಐದು ಗಂಟೆಗೇ ಡೇರಿಯ ಬಾಗಿಲು ತೆಗೆಯಬೇಕು. ನಿಮ್ಮ ತಂಡ ಸೋತರೂ ಹಸುಗಳು ರಜೆ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಪ್ರೇಕ್ಷಕರು ಸಾವಿರಗಟ್ಟಲೆ ಸಿಗುತ್ತಾರೆ ಎಂದು ನಂಬಿದ್ದೀರಿ. ನೋಡಲು ನೂರೆಂಟು ಇರುವ ಊರಿನಲ್ಲಿ, ಗೋಲು ಹೊಡೆಯುವವನನ್ನು ಮಾರಿಕೊಂಡು ಬಂದ ತಂಡವನ್ನು ಯಾರು, ಏನು ಕಾಣಲು ಬಂದು ನೋಡುತ್ತಾರೆ? ಅಲ್ಲಿಯವರಿಗೆ ಆಂಜಿ ಕೇವಲ ಕೆಟ್ಟ ಆಟಗಾರ. ನಮಗೆ ಅವನು ಹಾಗಲ್ಲ.

ಇಷ್ಟೆಲ್ಲ ಬರೆದದ್ದಕ್ಕೆ ಆದಿಲಕ್ಷ್ಮಮ್ಮನವರ ಅನುಮತಿ ಪಡೆದಿಲ್ಲ. ಪಡೆಯಲು ಜಾಗವನ್ನು ನೀವು ಉಳಿಸಿಲ್ಲ. ಅವರು ಪತ್ರಿಕೆ ಓದುವುದಿಲ್ಲ, ಆದರೆ ಮಾಸ್ತಿಯಲ್ಲಿ ಓದಿ ಹೇಳುವವರಿಗೆ ಬರವಿಲ್ಲ. ಸಿಟ್ಟು ಬಂದರೆ ಬಂದು ಬಯ್ಯಲಿ. ಎಲ್ಲಿ ಸಿಗುತ್ತೇನೆಂದು ಅವರಿಗೆ ಗೊತ್ತು.

ಆದ್ದರಿಂದ ಕೇಳುತ್ತಿದ್ದೇನೆ. ಶ್ರೀಧರನನ್ನು ಮರಳಿ ತನ್ನಿ ಎನ್ನುವುದಿಲ್ಲ, ಅದು ನಿಮ್ಮಿಂದಾಗದು. ತರಬೇತುದಾರರನ್ನು ಬದಲಿಸಿ ಎನ್ನುವುದಿಲ್ಲ, ಇನ್ನೂ ಕೆಟ್ಟವರನ್ನು ತಂದೀರಿ ಎಂಬ ಭಯವಿದೆ. ಗೆಲ್ಲಿ ಎಂದೂ ಕೇಳುವುದಿಲ್ಲ. ಮುಂದಿನ ತವರು ಪಂದ್ಯವನ್ನು ಕೋಲಾರದಲ್ಲಿ, ಸಂಜೆ ನಾಲ್ಕಕ್ಕೆ ಆಡಿಸಿ. ಆಂಜಿಯನ್ನು ಯಾವ ಕಾರಣಕ್ಕೂ ಹೊರಗೆ ಕೂರಿಸಬೇಡಿ. ಮತ್ತೆ, ಪೂರ್ವ ಗ್ಯಾಲರಿಯಲ್ಲಿ ನನ್ನ ಬಲಕ್ಕಿರುವ ಜಾಗ ಮೂರು ವರ್ಷದಿಂದ ಖಾಲಿ ಬಿದ್ದಿದೆ. ಅದರ ಟಿಕೆಟ್ಟನ್ನು ನನ್ನ ಮಗಳ ಹೆಸರಿಗೆ ಬರೆಯಿಸಿ. ಅವಳಿಗೆ ಆಟದ ಗಂಧಗಾಳಿಯೂ ಇಲ್ಲ. ನಾವಿಬ್ಬರೂ ಸೇರಿ ಹೇಳಿಕೊಡುತ್ತೇವೆ.

ಇಂತಿ,
ಈ ತಂಡವನ್ನು ನೆಚ್ಚಲಾಗದೆ, ಇನ್ನೊಂದನ್ನು ಮೆಚ್ಚಲಾಗದೆ ಉಳಿದುಹೋದ
ಗಂಗರತ್ನಮ್ಮ
ಸುಗಟೂರು, ಕೋಲಾರ ತಾಲ್ಲೂಕು